ಕೆರೆಯ ಮೇಲೆ ಹಲಗೆ, ಏರಿಯ ಮೇಲೆ ಅವ್ವ

ವಯಸ್ಸು ಐವತ್ತರ ಹತ್ತಿರ ಬಂದ ಮನುಷ್ಯನಿಗೆ ಲೋಕವೆಲ್ಲ ಸೇರಿ ಹೇಳುವ ಬುದ್ಧಿಮಾತು ಒಂದೇ: ಬಿಡು. ಡಾಕ್ಟರು ಸಕ್ಕರೆ ಬಿಡಿ ಎನ್ನುತ್ತಾರೆ. ಹೆಂಡತಿ ಇನ್ನೊಂದು ಮುದ್ದೆ ಕೇಳುವುದನ್ನು ಬಿಡಿ ಎನ್ನುತ್ತಾಳೆ. ಮಗಳು, ಬೆಳಗಾದರೆ ಫೋನಿನಲ್ಲಿ ಎಲ್ಲರಿಗೂ ಗುಲಾಬಿ ಹೂವಿನ ಚಿತ್ರ ಕಳಿಸುವುದನ್ನು ಬಿಡಪ್ಪ ಎನ್ನುತ್ತಾಳೆ. ಹೀಗೆ ಒಬ್ಬೊಬ್ಬರು ಒಂದೊಂದನ್ನು ಬಿಡಿಸಿಕೊಂಡು ಹೋದರೆ ಕೊನೆಗೆ ನನ್ನದು ಅಂತ ಉಳಿಯುವುದಾದರೂ ಏನು ಎಂಬ ಚಿಂತೆಯಲ್ಲಿದ್ದಾಗಲೇ ನಾನು ಹೊಸದಾಗಿ ಒಂದನ್ನು ಹಿಡಿದುಕೊಂಡೆ. ಹಿಡಿದದ್ದು ಯೋಗ, ಭಜನೆ, ಬೆಳಗಿನ ವಾಕಿಂಗು ಇಂಥ ಮರ್ಯಾದಸ್ಥರ ಹವ್ಯಾಸವಾಗಿದ್ದರೆ ನಿಮ್ಮ ಮುಂದೆ ಹೇಳಿಕೊಳ್ಳುವ ಪ್ರಮೇಯವೇ ಬರುತ್ತಿರಲಿಲ್ಲ. ನಾನು ಹಿಡಿದದ್ದು ಪಂಪ್ ಫಾಯಿಲಿಂಗ್ ಎಂಬುದನ್ನು.

ಇದು ನನಗೆ ಅಂಟಿದ್ದು ಕಸುಬಿನ ದೆಸೆಯಿಂದ. ಚನ್ನರಾಯಪಟ್ಟಣದಲ್ಲಿ ನನ್ನದೊಂದು ಮೋಟಾರು ರೀವೈಂಡಿಂಗ್ ಅಂಗಡಿಯಿದೆ. ಬೋರ್‌ವೆಲ್ಲಿನ ಪಂಪು ಸುಟ್ಟುಕೊಂಡವರು ಅದನ್ನು ಗಾಡಿಯಲ್ಲಿ ಹೇರಿಕೊಂಡು ಬಂದು, ಮನೆಯಲ್ಲಿ ಕಾಯಿಲೆ ಬಿದ್ದವರನ್ನು ತೋರಿಸುವ ಮುಖದಲ್ಲಿ ನನ್ನೆದುರು ಇಳಿಸುತ್ತಾರೆ. ಒಂದು ದಿನ ಹೊಸ ಮಾದರಿಯ ಪಂಪನ್ನು ಬಿಚ್ಚುವ ಕ್ರಮ ತಿಳಿಯದೆ ಫೋನಿನಲ್ಲಿ ಹುಡುಕಿದೆ. ಫೋನು ನನಗೆ ಪಂಪು ತೋರಿಸುವ ಬದಲು ಯಾವುದೋ ಚಳಿ ದೇಶದ ಸರೋವರವನ್ನು ತೋರಿಸಿತು. ನನ್ನಷ್ಟೇ ವಯಸ್ಸಿನ, ನನ್ನಷ್ಟೇ ಬೋಳುತಲೆಯ ಒಬ್ಬ ಮನುಷ್ಯ ಮರದ ಅಟ್ಟಣೆಯ ಮೇಲೆ ಓಡಿ ಬಂದು ಒಂದು ಹಲಗೆಯ ಮೇಲೆ ಹಾರಿದ. ಹಲಗೆ ನೀರಿನಿಂದ ಮೇಲೆದ್ದಿತು. ಅವನು ಸುಮ್ಮನೆ ಮಂಡಿ ಬಗ್ಗಿಸುತ್ತ, ನೆಟ್ಟಗಾಗುತ್ತ, ನೀರಿನ ಮೇಲಿನ ಗಾಳಿಯಲ್ಲಿ ಹೋದ, ಹೋದ, ಕಣ್ಣಿಗೆ ಕಾಣದಷ್ಟು ದೂರ ಹೋದ. ಎಂಜಿನ್ ಇಲ್ಲ, ಪಟ ಇಲ್ಲ, ಹುಟ್ಟು ಇಲ್ಲ. ಅವತ್ತು ರಿಪೇರಿಗೆ ಬಂದಿದ್ದ ಪಂಪು ಹಾಗೇ ಬಿದ್ದಿತ್ತು.

ಗುಟ್ಟೆಲ್ಲ ಹಲಗೆಯ ಕೆಳಗಿದೆ. ಅಲ್ಲಿ ಸೊಂಟದೆತ್ತರದ ಒಂದು ಕಂಬ, ಕಂಬದ ತುದಿಯಲ್ಲಿ ಆಟದ ವಿಮಾನದ ಹಾಗೆ ರೆಕ್ಕೆಗಳು. ರೆಕ್ಕೆ ನೀರೊಳಗೇ ಇರುತ್ತದೆ. ಮೇಲೆ ನಿಂತವನು ಕಾಲಿನಿಂದ ತುಳಿದು, ಮೈ ಹಗುರ ಮಾಡಿ, ಮತ್ತೆ ತುಳಿದು, ಮತ್ತೆ ಹಗುರ ಮಾಡಿದರೆ ರೆಕ್ಕೆ ಹಲಗೆಯನ್ನು ಎತ್ತಿ ಹಿಡಿಯುತ್ತದೆ. ಉಯ್ಯಾಲೆಯ ಮೇಲೆ ನಿಂತು ಜೀಕಿದ ಹಾಗೆಯೇ. ಜೀಕುವುದು ನಿಂತರೆ ಹಲಗೆ ಕೂರುತ್ತದೆ, ನೀವು ಮುಳುಗುತ್ತೀರಿ. ಇದಕ್ಕೆ ಗಾಳಿಯೂ ಬೇಡ, ಅಲೆಯೂ ಬೇಡ. ಅಲುಗದೆ ಮಲಗಿರುವ ನೀರಾದರೆ ಸಾಕು. ಅಂಥ ನೀರು ನಮ್ಮ ಮನೆಯ ಹಿಂದೆಯೇ ಇತ್ತು. ನಮ್ಮೂರು ಬಾಗೂರಿನ ದಾರಿಯಲ್ಲಿದೆ, ಕೆರೆ ಏರಿಯ ಬುಡದಲ್ಲೇ ಮನೆ. ಬೆಳಗಿನ ಹೊತ್ತು ಆ ಕೆರೆ ಎಷ್ಟು ತೆಪ್ಪಗಿರುತ್ತದೆಂದರೆ ಆಚೆ ದಡದ ಎಮ್ಮೆ ಕೊಂಬು ಅಲುಗಿಸಿದ್ದು ಈಚೆ ದಡದ ನೀರಿನಲ್ಲಿ ಕಾಣುತ್ತದೆ.

ಹಲಗೆ ತಂದುಕೊಟ್ಟವನು ನನ್ನ ಗೆಳೆಯ ಮಂಜೇಗೌಡ. ಅವನು ತೆಂಗಿನಕಾಯಿ ವ್ಯಾಪಾರಿ. ಮಂಗಳೂರಿಗೆ ಎಳನೀರು ಇಳಿಸಿದ ಲಾರಿ ಖಾಲಿ ಬರುವಾಗ, ಅಲ್ಲಿ ಕಡಲಾಟ ಕಲಿಸುವ ಒಬ್ಬರು ಬಳಸಿ ಬಿಟ್ಟ ಹಲಗೆಯನ್ನು ಹಾಕಿಕೊಂಡು ಬಂದ. ಇಳಿಸುವಾಗ ಊರವರು ಸುತ್ತ ನಿಂತು, ಇದು ಹೊಸ ತರದ ಕುಂಟೆಯೋ ಬಿತ್ತನೆ ಯಂತ್ರವೋ ಎಂದು ಚರ್ಚೆ ಮಾಡಿದರು. ಒಬ್ಬರು ಎಕರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದೂ ಕೇಳಿದರು. ನನ್ನ ಹೆಂಡತಿ ಸುನಂದ ಮಾತ್ರ ಅಡ್ಡ ಬರಲಿಲ್ಲ. ಬೇರೆ ಮನೆಯ ಗಂಡಸರು ಈ ವಯಸ್ಸಿನಲ್ಲಿ ಇಸ್ಪೀಟಿಗೆ ಕೂರುತ್ತಾರೆ, ಇಲ್ಲವೇ ರಾಜಕೀಯಕ್ಕೆ ನಿಲ್ಲುತ್ತಾರೆ. ಅದಕ್ಕೆ ಹೋಲಿಸಿದರೆ ನೀರಿಗೆ ಬೀಳುವುದೇ ವಾಸಿ ಎಂದು ಪಕ್ಕದ ಮನೆಯವರ ಹತ್ತಿರ ಹೇಳಿದಳಂತೆ. ಆಯುಧ ಪೂಜೆಯ ದಿನ ಅವಳೇ ರೆಕ್ಕೆಗೆ ಕುಂಕುಮ ಹಚ್ಚಿದಳು. ನಿಂಬೆಹಣ್ಣು ಇಡುವುದಕ್ಕೆ ಚಕ್ರವೇ ಇಲ್ಲವಲ್ಲ ಎಂದು ಸ್ವಲ್ಪ ಹೊತ್ತು ಪೇಚಾಡಿ, ಕೊನೆಗೆ ರೆಕ್ಕೆಗೊಂದರಂತೆ ಇಟ್ಟಳು.

ಒಪ್ಪದಿದ್ದವಳು ಅವ್ವ. ಅದಕ್ಕೆ ಕಾರಣವೂ ಇತ್ತು. ನನ್ನ ನಾಮಕರಣದ ದಿನ ಹೊಳೆನರಸೀಪುರದ ಕಡೆಯಿಂದ ಬಂದಿದ್ದ ಜೋಯಿಸರು ಈ ಮಗುವಿಗೆ ಜಲಗಂಡವಿದೆ ಎಂದುಬಿಟ್ಟರಂತೆ. ಎಷ್ಟು ವಯಸ್ಸಿನವರೆಗೆ ಎಂದು ನಮ್ಮಪ್ಪ ಕೇಳಬೇಕು ಅನ್ನುವಷ್ಟರಲ್ಲಿ ಎಲೆ ಹಾಕಿದರು. ಊಟವಾದ ಮೇಲೆ ಜೋಯಿಸರು ಎದ್ದು ಹೋದರು, ಅಪ್ಪ ಮರೆತರು. ಹೀಗಾಗಿ ನನ್ನ ಜಲಗಂಡಕ್ಕೆ ಕೊನೆಯ ತಾರೀಕು ಎಂಬುದೇ ಇಲ್ಲ. ಅವ್ವ ನನಗೆ ಸ್ನಾನದ ನೀರನ್ನೂ ಸಣ್ಣ ಚೊಂಬಿನಲ್ಲಿ ಹೊಯ್ದು ಬೆಳೆಸಿದಳು. ಅರಕಲಗೂಡಿನ ಕಡೆ, ಮಲ್ಲಿಪಟ್ಟಣದಲ್ಲಿದ್ದ ಸೋದರಮಾವ ಬೇಸಿಗೆ ರಜೆಯಲ್ಲಿ ನನ್ನ ಬೆನ್ನಿಗೆ ಬೆಂಡು ಕಟ್ಟಿ ಬಾವಿಯಲ್ಲಿ ಕದ್ದು ಈಜು ಕಲಿಸಿದ. ತಲೆಯಲ್ಲಿ ಪಾಚಿ ವಾಸನೆ ಹಿಡಿದು ಅವ್ವ ಅದನ್ನು ಪತ್ತೆ ಮಾಡಿದಳು, ತಮ್ಮನ ಜೊತೆ ಗೌರಿ ಹಬ್ಬದವರೆಗೂ ಮಾತು ಬಿಟ್ಟಳು. ಇಂಥವಳ ಮಗ ಮೊಮ್ಮಕ್ಕಳನ್ನು ಕಾಣುವ ವಯಸ್ಸಿನಲ್ಲಿ ಹಲಗೆ ಹಿಡಿದು ಕೆರೆಗೆ ಹೊರಟರೆ ಅವಳಿಗೆ ಹೇಗಾಗಬೇಡ? ನನಗೂ ಒಳಗೊಂದು ಹಟವಿತ್ತು. ಒಂದೇ ಒಂದು ಸಲ, ಅವ್ವನ ಕಣ್ಣೆದುರಿಗೆ, ಈ ದಡದಿಂದ ಆ ದಡಕ್ಕೆ ನೀರಿಗೆ ಬೀಳದೆ ಹೋಗಿಬಿಟ್ಟರೆ ಅವಳ ಎದೆಯೊಳಗೆ ಕೂತ ಆ ಜೋಯಿಸರು ಎದ್ದು ಹೋಗುತ್ತಾರೆ ಎಂದು ನನ್ನ ಎಣಿಕೆ.

ಖಾಲಿ ಡ್ರಮ್ಮುಗಳ ಮೇಲೆ ಮರದ ಪಟ್ಟಿ ಬಡಿದು ಮಂಜೇಗೌಡನೂ ನಾನೂ ಕೆರೆಯಲ್ಲಿ ಒಂದು ಅಟ್ಟಣೆ ಮಾಡಿದೆವು. ಅಲ್ಲಿಂದ ಓಡಿ ಹಾರಬೇಕು. ಮೊದಲಿಗೆ ನಾನು ಓಡಿದೆ, ಹಾರಿದೆ, ಹಲಗೆ ಬೇರೆ ದಿಕ್ಕಿಗೆ ಹೋಯಿತು. ಆಮೇಲೆ ಹಲಗೆ ಸಿಕ್ಕಿತು, ಕಾಲು ಜಾರಿತು. ಕಾಲು ನಿಂತ ದಿನ ಖುಷಿಯಿಂದ ಕೆಳಗೆ ನೋಡಿದೆ. ಕೆಳಗೆ ನೋಡಿದವನು ಕೆಳಗೇ ಹೋಗುತ್ತಾನೆ ಎಂಬುದು ಈ ವಿದ್ಯೆಯ ಮೊದಲ ಪಾಠ ಎಂದು ನೀರೊಳಗೆ ಗೊತ್ತಾಯಿತು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ದಿನಾ ದೊಪ್ಪನೆ ಬೀಳುವ ನನಗೆ ಬೆಳ್ಳಕ್ಕಿಗಳು ಮೊದಮೊದಲು ಹೆದರಿ ಹಾರುತ್ತಿದ್ದವು. ಬರಬರುತ್ತ ಅವು ಕುತ್ತಿಗೆ ತಿರುಗಿಸುವುದನ್ನೂ ನಿಲ್ಲಿಸಿದವು.

ಅವ್ವ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಹಿಂದೆಯೇ ಟವೆಲ್ಲು, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಏರಿ ಹತ್ತಿ, ತೂಬಿನ ಕಲ್ಲಿನ ಮೇಲೆ ಕೂರುತ್ತಿದ್ದಳು. ನಾನು ಹಲಗೆ ಹತ್ತಿದ ಕೂಡಲೇ ಶುರು: “ಬ್ಯಾಡ ಕಣ್ಲಾ… ಬ್ಯಾಡ… ಬ್ಯಾಡ…” ಅದು ಕಿರುಚಾಟವಲ್ಲ. ಸಂಜೆ ಕರುವನ್ನು ಕರೆಯುವಾಗ ಎಳೆದು ಎಳೆದು ಒಂದೇ ಸಮ ಕರೆಯುತ್ತಾಳಲ್ಲ, ಹಾಗೆ. ನಾನು ನೀರಿಗೆ ಬೀಳುವವರೆಗೂ ನಿಲ್ಲಿಸುತ್ತಿರಲಿಲ್ಲ. ಬಿದ್ದ ಮೇಲೆ ಸಮಾಧಾನವಾಗಿ ಕಾಫಿ ಬಗ್ಗಿಸುತ್ತಿದ್ದಳು. ಆ ದನಿ ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಈ ಅಡ್ಡಮಾತು ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಕೆರೆ ದಾಟುತ್ತಿದ್ದೆ ಎಂದು ಸುನಂದಳ ಹತ್ತಿರ ದೂರುತ್ತಿದ್ದೆ. ಆದರೂ ಮೀನು ಸಾಕುವವರು ಗುರುತಿಗೆಂದು ತೇಲಿಬಿಟ್ಟ ಬಾಟಲಿಗಳ ಸಾಲನ್ನು ಮೊದಲು ಮುಟ್ಟಿದೆ, ಆಮೇಲೆ ದಾಟಿದೆ, ದೀಪಾವಳಿ ಕಳೆಯುವ ಹೊತ್ತಿಗೆ ಕೆರೆಯ ನಡುಮಧ್ಯಕ್ಕೆ ಹೋಗಿ ಬೀಳುವ ಯೋಗ್ಯತೆ ಬಂದಿತ್ತು.

ಅಷ್ಟರಲ್ಲಿ ಊರಿನ ಹೆಂಗಸರೆಲ್ಲ ಸೇರಿ ಕಾಶಿಗೆ ಹೊರಟರು. ಅವ್ವನೂ ಹೊರಟಳು. ಕಾಶಿಗೆ ಹೋದವರು ತಮಗೆ ತುಂಬ ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು, ಮತ್ತೆ ಜೀವ ಇರುವವರೆಗೂ ಅದನ್ನು ಮುಟ್ಟಬಾರದು ಎಂಬುದು ನಿಮಗೂ ಗೊತ್ತಿರುತ್ತದೆ. ಈ ನಿಯಮದಲ್ಲಿ ನಮ್ಮವರು ಕಂಡುಕೊಂಡ ಸಂದುಗಳು ಒಂದೆರಡಲ್ಲ. ನನ್ನ ಸೋದರತ್ತೆ ಹಿಂದೊಮ್ಮೆ ಹೋಗಿ ಹಾಗಲಕಾಯಿ ಬಿಟ್ಟು ಬಂದಳು. ಅವಳು ಹಾಗಲಕಾಯಿ ತಿಂದದ್ದನ್ನು ಅದಕ್ಕೆ ಮೊದಲೂ ಯಾರೂ ಕಂಡಿರಲಿಲ್ಲ. ಮಂಜೇಗೌಡನ ಮಾವ ಹಲ್ಲೆಲ್ಲ ಉದುರಿದ ಮೇಲೆ ಹೋಗಿ ಕಬ್ಬು ಬಿಟ್ಟು ಬಂದರು. ಹಾಸನದ ರೈಲು ನಿಲ್ದಾಣದಲ್ಲಿ ಅವ್ವನನ್ನು ಹತ್ತಿಸುವಾಗ, ನಾನಿಲ್ಲದಾಗ ನೀರಿಗೆ ಇಳಿಯಬೇಡ ಎಂದು ಕಿಟಕಿಯಿಂದ ಕೈ ಹಿಡಿದು ಹೇಳಿದಳು. ಹೂಂ ಎಂದೆ. ಮಾರನೆಯ ಬೆಳಿಗ್ಗೆಯೇ ಇಳಿದೆ.

ಈಗ ನೋಡಿ, ತಡೆಯುವವರು ಯಾರೂ ಇಲ್ಲ, ಏರಿಯ ಮೇಲೆ ಶಾಂತಿ, ಕೆರೆ ಕನ್ನಡಿ. ಓಡಿ ಹಾರಿದೆ. ಬಾಟಲಿ ಸಾಲಿನ ಹತ್ತಿರವೂ ಹೋಗದೆ ಬಿದ್ದೆ. ಮತ್ತೆ ಹಾರಿದೆ, ಅಲ್ಲೇ ಬಿದ್ದೆ. ಮಾರನೆಯ ದಿನವೂ ಅದೇ ಕತೆ. ಕಾಲು ಯಾವಾಗಲೋ ತುಳಿಯುತ್ತದೆ, ಮೈ ಯಾವಾಗಲೋ ಏಳುತ್ತದೆ, ಎರಡಕ್ಕೂ ಸಂಬಂಧವೇ ಇಲ್ಲ. ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ, ರೆಕ್ಕೆಯ ಬೋಲ್ಟು ಬಿಗಿ ಮಾಡಿದೆ. ಅವ್ವನ ಬದಲಿಗೆ ಟವೆಲ್ಲು ಹಿಡಿದು ಬಂದಿದ್ದ ಸುನಂದ ಕೊನೆಗೆ ಬಾಯಿ ಬಿಟ್ಟಳು.

“ಬೋಲ್ಟಿನದಲ್ಲ ರೀ ತೊಂದರೆ. ಅತ್ತೆ ಬ್ಯಾಡ ಅಂದಾಗ ನೀವು ತುಳೀತಿದ್ರಿ, ಅವರು ಉಸಿರು ಎಳ್ಕೊಂಡಾಗ ಏಳ್ತಿದ್ರಿ. ಈಗ ಅವರಿಲ್ಲ, ನಿಮ್ಮ ಕಾಲಿಗೆ ದಾರಿ ತಪ್ಪಿದೆ.”

ನಗಬೇಕೆಂದುಕೊಂಡೆ, ಆಗಲಿಲ್ಲ. ಮಾರನೆಯ ದಿನ ನಾನೇ ಬ್ಯಾಡ ಬ್ಯಾಡ ಎಂದುಕೊಳ್ಳುತ್ತ ಹೋದೆ. ಅಟ್ಟಣೆ ಬಿಟ್ಟು ಸ್ವಲ್ಪ ದೂರಕ್ಕೇ ಉಸಿರು ಮುಗಿಯಿತು. ಮಂಜೇಗೌಡ ತಾನು ಕೂಗುತ್ತೇನೆ ಎಂದ. ಮಂಡಿಯಲ್ಲಿ ಹರಾಜು ಕೂಗಿ ಪಳಗಿದ ಗಂಟಲು ಅವನದು. ಏರಿಯ ಮೇಲೆ ನಿಂತು, ಎರಡೂ ಕೈ ಎತ್ತಿ, “ಬ್ಯಾಡ! ಬ್ಯಾಡ!” ಎಂದು ಶುರು ಮಾಡಿದ. ಅದೇ ಹೊತ್ತಿಗೆ ಏರಿಯ ಮೇಲೆ ಬಾಗೂರಿನ ಬಸ್ಸು ಬಂತು. ಕೆರೆಯ ಕಡೆ ಓಡುತ್ತಿರುವ ಒಬ್ಬ ಗಂಡಸು, ಬೇಡವೆಂದು ಗೋಗರೆಯುತ್ತಿರುವ ಇನ್ನೊಬ್ಬ, ಪಕ್ಕದಲ್ಲಿ ಟವೆಲ್ಲು ಹಿಡಿದು ಸುಮ್ಮನೆ ನಿಂತ ಒಬ್ಬ ಹೆಂಗಸು. ಬಸ್ಸು ನಿಂತಿತು. ಜನ ಇಳಿದು ಓಡಿ ಬಂದರು. ಕಂಡಕ್ಟರು ಈಜು ಬರುವವರನ್ನು ಕರೆದರು. ನಾನು ನೀರಿನಿಂದ ಎದ್ದು ಬಂದು ವಿವರಿಸುವಷ್ಟರಲ್ಲಿ ಛತ್ರಿ ಹಿಡಿದ ಒಬ್ಬ ಯಜಮಾನರು ನನ್ನ ಹೆಗಲ ಮೇಲೆ ಕೈಯಿಟ್ಟು, “ಗಂಡ ಎಂಡ್ತಿ ಅಂದ್ಮೇಲೆ ಒಂದು ಮಾತು ಬತ್ತದೆ, ಓಯ್ತದೆ ಕಣಪ್ಪ. ಅದಕ್ಕೆಲ್ಲ ಕೆರೆ ನೋಡ್ಕಬಾರ್ದು” ಎಂದು ಸಮಾಧಾನ ಹೇಳಿದರು. ಹೇಳುತ್ತ ಸುನಂದಳ ಕಡೆ ಒಂದು ನೋಟ ನೋಡಿದರು. ಆಮೇಲೆ ಅವಳು ಕೆರೆಯ ಕಡೆ ಬರುವುದನ್ನು ನಿಲ್ಲಿಸಿದಳು, ನನ್ನ ಜೊತೆ ಮಾತನ್ನೂ ಸ್ವಲ್ಪ ಕಡಿಮೆ ಮಾಡಿದಳು.

ನಾಚಿಕೆ ಬಿಟ್ಟು ಹೇಳುತ್ತೇನೆ, ಅವ್ವ ಯಾವಾಗ ಬರುತ್ತಾಳೆ ಎಂದು ನಾನು ಶಾಲೆಯ ಹುಡುಗನಂತೆ ಕಾದೆ. ಬಂದಳು. ಸೊರಗಿದ್ದಳು, ಆದರೆ ಮುಖದಲ್ಲಿ ಒಂದು ಕಳೆ ಇತ್ತು. ಎಲ್ಲರಿಗೂ ಕಪ್ಪು ದಾರ, ಗಂಗೆಯ ಗಿಂಡಿ ಹಂಚಿದಳು. ಏನು ಬಿಟ್ಟು ಬಂದೆ ಅವ್ವ ಎಂದರೆ ಮಾತ್ರ ಬಾಯಿ ಬಿಡಲಿಲ್ಲ. ಸುನಂದ ಇದನ್ನು ಅಡುಗೆಮನೆಯಲ್ಲೇ ಪತ್ತೆ ಮಾಡುತ್ತೇನೆಂದು ಹಟ ತೊಟ್ಟಳು. ಒಂದು ದಿನ ಅವರೆಕಾಳು, ಒಂದು ದಿನ ಸೋರೆಕಾಯಿ, ಒಂದು ದಿನ ಬದನೆಕಾಯಿ. ಅವ್ವ ಎಲ್ಲವನ್ನೂ ಬಡಿಸಿಕೊಂಡು ಚೆನ್ನಾಗಿದೆ ಎಂದು ಉಂಡಳು. ಬಾಳೆಹಣ್ಣು ತಿಂದಳು, ಕಾಫಿ ಕುಡಿದಳು, ಎಲೆಅಡಿಕೆಯನ್ನೂ ಹಾಕಿಕೊಂಡಳು. ಸೋದರತ್ತೆಯನ್ನೂ ಮೀರಿಸಿ ನಮ್ಮಲ್ಲಿ ಸಿಕ್ಕದ ಯಾವುದೋ ಹಣ್ಣನ್ನು ಬಿಟ್ಟು ಬಂದಿರಬೇಕೆಂದು ನಾವು ತೀರ್ಮಾನ ಮಾಡಿದೆವು.

ಭಾನುವಾರ ಬೆಳಿಗ್ಗೆ ಎಲ್ಲರೂ ಕೆರೆಗೆ ಹೋದೆವು. ಹಾಸನದ ಹಾಸ್ಟೆಲಿನಲ್ಲಿದ್ದು ಓದುವ ಮಗಳು ಮೇಘನಾ ಕೂಡ ಬಂದಿದ್ದಳು. ಅಪ್ಪ ದಡ ಸೇರುವುದನ್ನು ಫೋನಿನಲ್ಲಿ ಹಿಡಿಯಲೆಂದು. ಸುನಂದಳೂ ಮುನಿಸು ಬಿಟ್ಟಿದ್ದಳು. ಅವ್ವ ತೂಬಿನ ಕಲ್ಲಿನ ಮೇಲೆ ಕೂತಳು. ನನಗೆ ಎದೆ ತುಂಬಿ ಬಂದಿತ್ತು. ಓಡಿದೆ, ಹಾರಿದೆ, ಕಾಲೂರಿ ಕಿವಿ ನೆಟ್ಟಗೆ ಮಾಡಿಕೊಂಡು ಕಾದೆ. ಏನೂ ಕೇಳಿಸಲಿಲ್ಲ. ತುಳಿದೆ, ತಪ್ಪಿದೆ, ಬಿದ್ದೆ. ನೀರಿನಿಂದ ತಲೆಯೆತ್ತಿ ನೋಡಿದರೆ ಅವ್ವ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು.

ದಡಕ್ಕೆ ಬಂದು, ಏನವ್ವ, ಹುಷಾರಿಲ್ಲವಾ ಎಂದೆ. ಅವಳು ಸೆರಗು ತೆಗೆದಳು.

“ಅದೇ ಕಣ್ಲಾ ಬಿಟ್ಟು ಬಂದಿದ್ದು,” ಎಂದಳು. “ಇಷ್ಟವಾದ್ದನ್ನ ಬಿಡಿ ಅಂದ್ರು ಅಲ್ಲಿ ಪುರೋಯಿತ್ರು. ಕಾಯಿಪಲ್ಲೆ ಮ್ಯಾಲೆ ನಂಗೇನು ಅಂತಾ ಆಸೆ ಐತೆ. ಮಂಡಿಗಂಟ ನೀರಲ್ಲಿ ನಿಂತ್ಕಂಡು, ನನ್ನ ಮಗುಂಗೆ ಇನ್ಮೇಲೆ ಬ್ಯಾಡ ಅನ್ನಾಕಿಲ್ಲ, ಇಷ್ಟು ದಿನ ನಾನು ನೋಡ್ಕಂಡೆ, ಇನ್ನು ನೀನು ನೋಡ್ಕೊ ಅಂತ ಗಂಗವ್ವಂಗೆ ಒಪ್ಪಿಸ್ಬುಟ್ಟೆ. ಈ ಕೆರೆ ನೀರೂ ಅವಳೇ ತಾನೆ.”

ನನಗೆ ಅಳು ಬಂತು. ತಲೆಯಿಂದ ಕಾಲಿನವರೆಗೂ ಒದ್ದೆಯಾಗಿದ್ದದ್ದು ಒಳ್ಳೆಯದೇ ಆಯಿತು, ಯಾರಿಗೂ ಗೊತ್ತಾಗಲಿಲ್ಲ. ಈ ಜಗತ್ತಿನಲ್ಲಿ ಅವಳಿಗೆ ಬಿಡಲಾರದಷ್ಟು ಇಷ್ಟವಾದದ್ದು ನನ್ನ ಚಿಂತೆಯೇ ಎಂದು ಅವಳು ಹೀಗೆ, ಸೊಪ್ಪಿನ ಬೆಲೆ ಹೇಳಿದಷ್ಟು ಸಲೀಸಾಗಿ ಹೇಳುತ್ತಾಳೆಂದು ನಾನು ಎಣಿಸಿರಲಿಲ್ಲ. ನಾನೂ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ: ಅವಳ ಬ್ಯಾಡದ ಮೇಲೆಯೇ ನನ್ನ ಕಾಲು ನಡೆಯುತ್ತಿತ್ತು, ಅದಿಲ್ಲದೆ ಬಾಟಲಿ ಸಾಲನ್ನೂ ಮುಟ್ಟಲಾಗುತ್ತಿಲ್ಲ ಎಂದು. ಅವ್ವ ಫ್ಲಾಸ್ಕನ್ನು ಕೆಳಗಿಟ್ಟಳು.

“ಅಂಗಾರೆ ಇಷ್ಟು ದಿನ ನಾನು ತಡೀತೀನಿ ಅಂದ್ಕಂಡು ತಳ್ತಿದ್ನಾ?”

ಆಮೇಲೆ ಸೆರಗು ಮುಚ್ಚಿಕೊಂಡು ನಕ್ಕಳು. ಆ ಕಲ್ಲಿನ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಗಂಗೆಯಲ್ಲಿ ಬಿಟ್ಟದ್ದನ್ನು ವಾಪಸ್ಸು ತರುವ ಹಾಗಿಲ್ಲ, ಅದರಲ್ಲಿ ಅವಳದು ಖಡಾಖಂಡಿತ. ಮಂಜೇಗೌಡ ವ್ಯಾಪಾರಸ್ಥ, ಅವನಿಗೆ ತಕ್ಷಣ ಬದಲಿ ಮಾಲು ಹೊಳೆಯಿತು. ಬೇಡ ಅನ್ನುವ ಜಾಗದಲ್ಲಿ ಹೋಗು ಅನ್ನಿ ದೊಡ್ಡವ್ವ, ಅದೂ ಅಷ್ಟೇ ಉದ್ದ ಇದೆ ಎಂದ. ಅವ್ವ ಅವನನ್ನು ಸುಡುವಂತೆ ನೋಡಿ, ಮನೆಮಕ್ಕಳಿಗೆ ಹೋಗು ಅನ್ನುತ್ತಾರೇನೋ ಎಂದು ಬೈದಳು. ಅವಳು ಹೇಳಿದ್ದೂ ಸರಿಯೇ. ನಮ್ಮಲ್ಲಿ ಮಜ್ಜಿಗೆ ಕೇಳಿಕೊಂಡು ಬಂದ ಪಕ್ಕದ ಮನೆಯವಳಿಗೂ ಹೋಗು ಅನ್ನುವುದಿಲ್ಲ, ಹೋಗಿ ಬಾ ಎನ್ನುತ್ತೇವೆ. ಬರಿ ಹೋಗು ಎಂದರೆ ಹೋದವರು ಹೋಗಿಯೇಬಿಟ್ಟರೆ ಎಂಬ ಅಂಜಿಕೆ.

“ಓಗ್ಬಾ ಅಂತೀನಿ,” ಎಂದಳು ಅವ್ವ. “ಅಲಗೆ ಮ್ಯಾಲೆ ಅತ್ತು, ನಡಿ.”

ಓಡಿ ಹಾರಿದೆ. ಏರಿಯ ಮೇಲಿಂದ ಬಂತು: “ಓಗ್ಬಾ… ಓಗ್ಬಾ…” ಅದೇ ಎಳೆತ, ಅದೇ ಸಮ. ಓಗ್ ಎಂದಾಗ ಕಾಲು ತುಳಿಯಿತು, ಬಾ ಎಂದಾಗ ಮೈ ಎದ್ದಿತು. ಬಾಟಲಿಗಳು ಹಿಂದೆ ಸರಿದವು. ಕೆಳಗೆ ನೋಡಲಿಲ್ಲ, ಆಚೆ ದಡದ ಎಮ್ಮೆಯನ್ನೇ ನೋಡುತ್ತಿದ್ದೆ. ಯಾವಾಗಲೂ ಬೀಳುವ ನಡುಮಧ್ಯ ಬಂತು, ಹೋಯಿತು. ತೊಡೆ ಉರಿಯುತ್ತಿತ್ತು. ಅವ್ವನ ದನಿ ಸಣ್ಣದಾಗಿ, ಇನ್ನೂ ಸಣ್ಣದಾಗಿ, ಕೊನೆಗೆ ಕೇಳಿಸದೇ ಹೋಯಿತು. ಆದರೂ ಕಾಲು ಅದೇ ಸಮದಲ್ಲಿ ತುಳಿಯುತ್ತಲೇ ಇತ್ತು. ದಡದ ಜೊಂಡಿಗೆ ರೆಕ್ಕೆ ಸಿಕ್ಕಿ ನಾನು ಮುಗ್ಗರಿಸಿ ಕೆಸರಿಗೆ ಬಿದ್ದಾಗ ಎಮ್ಮೆ ನನ್ನಿಂದ ಒಂದು ಮಾರು ದೂರದಲ್ಲಿತ್ತು. ಅದು ಮೆಲುಕು ಹಾಕುವುದನ್ನು ನಿಲ್ಲಿಸಿ ನೋಡಿತು. ನಾನು ಕೆರೆ ದಾಟಿದ್ದೆ.

ದಾಟಿದ ಮೇಲೆ ಒಂದು ವಿಷಯ ಹೊಳೆಯಿತು. ಆಚೆ ದಡದಲ್ಲಿ ಅಟ್ಟಣೆ ಇಲ್ಲ. ಓಡಿ ಹಾರುವುದಕ್ಕೆ ಜಾಗವಿಲ್ಲ. ಹೋಗುವುದನ್ನು ಇಷ್ಟು ತಿಂಗಳು ಯೋಚಿಸಿದ ನಾನು ಬರುವುದನ್ನು ಯೋಚಿಸಿಯೇ ಇರಲಿಲ್ಲ. ಹಲಗೆಯನ್ನು ಹೆಗಲಿಗೇರಿಸಿ, ರಾಗಿ ಹೊಲದ ಬದು ಹಿಡಿದು, ಸಿಕ್ಕವರಿಗೆಲ್ಲ ಇದು ಕುಂಟೆಯಲ್ಲ ಎಂದು ಹೇಳುತ್ತ, ಕೆರೆ ಸುತ್ತಿಕೊಂಡು ನಡೆದು ಬಂದೆ. ಅವ್ವ ಅಷ್ಟು ಹೊತ್ತೂ ಕೂತಿರಲಿಲ್ಲವಂತೆ; ಏರಿಯ ತುದಿಗೆ ಬಂದು ನಿಂತಿದ್ದಳು. ನನ್ನ ತಲೆಯನ್ನು ಬಗ್ಗಿಸಿ, ಇಲ್ಲದ ಕೂದಲನ್ನು ಟವೆಲ್ಲಿನಿಂದ ಗಸಗಸ ಒರೆಸಿದಳು. ಬಂದ್ಯಾ ಎಂದಳು, ಅಷ್ಟೇ. ಅವಳ ಎದೆಯೊಳಗಿನ ಜೋಯಿಸರು ಎದ್ದು ಹೋದದ್ದು ನನ್ನ ಹಲಗೆಯಿಂದಲ್ಲ, ಅವರನ್ನು ಅವಳೇ ಕಾಶಿಯಲ್ಲಿ ಇಳಿಸಿ ಬಂದಿದ್ದಾಳೆ ಎಂದು ನನಗೆ ಆಗ ಅರ್ಥವಾಯಿತು.

ಕಾಫಿ ಬಗ್ಗಿಸಿಕೊಂಡು ನಾಲ್ಕು ಜನ ಹೊಗಳಲಿ ಎಂದು ಕೂತೆ. ಮೇಘನಾ ಫೋನನ್ನು ನನ್ನ ಕೈಗೆ ಕೊಟ್ಟು, ಬಿಚ್ಚಿಟ್ಟ ಲೈಫ್ ಜಾಕೆಟ್ಟನ್ನು ಎತ್ತಿ ಹಾಕಿಕೊಂಡಳು. ಅವಳು ಕಾಲೇಜಿನಲ್ಲಿ ಈಜಿನ ಸ್ಪರ್ಧೆಗೆ ಹೋಗುವವಳು, ನನಗಿಂತ ನೀರು ಬಲ್ಲವಳು. ಅಪ್ಪ, ಒಂದು ಸಲ ನಾನು ಹೋಗುತ್ತೇನೆ ಎಂದಳು. ನಾನು ಯೋಚನೆ ಮಾಡಿ ಉತ್ತರ ಕೊಡುವ ಮನುಷ್ಯ. ಆದರೆ ಅವತ್ತು ಯೋಚನೆಗಿಂತ ಮೊದಲೇ, ಕಾಫಿಯ ಲೋಟ ಕೈಯಲ್ಲಿರುವಾಗಲೇ, ಬಾಯಿಂದ ಬಂದುಬಿಟ್ಟಿತು.

“ಬ್ಯಾಡ.”

ಎಲ್ಲರೂ ನನ್ನ ಕಡೆ ತಿರುಗಿದರು. ಅವ್ವ ನಿಧಾನವಾಗಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು.

“ನಾನು ಅಷ್ಟು ದೂರ ಓಗಿ ಬಿಟ್ಟು ಬಂದ್ರೆ, ನೀನು ಇಲ್ಲೇ ಕುಂತ್ಕಂಡು ಎತ್ಕಂಡ್ಯೇನ್ಲಾ,” ಎಂದಳು. ಆಮೇಲೆ ಮೊಮ್ಮಗಳಿಗೆ ಓಗ್ಬಾ ಕಂದ ಎಂದಳು.

ಮೇಘನಾ ಅಟ್ಟಣೆಯ ಮೇಲೆ ಓಡಿದಳು. ನಾನು ತೂಬಿನ ಕಲ್ಲಿನ ಮೇಲೆ, ಅವ್ವನ ಪಕ್ಕ, ಟವೆಲ್ಲಿನ ತುದಿಯನ್ನು ಕಚ್ಚಿಕೊಂಡು ಕೂತಿದ್ದೆ. ಮುಂದಿನ ಸಲ ಕಾಶಿಗೆ ಹೊರಟರೆ ನಿಮಗೇ ಟಿಕೆಟ್ ಎಂದು ಸುನಂದ ಅಲ್ಲೇ ಹೇಳಿಬಿಟ್ಟಳು. ನಾನೂ ಒಪ್ಪಿಕೊಂಡಿದ್ದೇನೆ. ಏನು ಬಿಟ್ಟು ಬರಬೇಕೆಂದು ಎಲ್ಲರಿಗೂ ಗೊತ್ತಿದೆ, ನನಗೂ ಗೊತ್ತಿದೆ. ಆದರೆ ನಾನು ಅವ್ವನಷ್ಟು ಗಟ್ಟಿಯಲ್ಲ. ಸೋದರತ್ತೆಯ ಹಾಗೆ ಹಾಗಲಕಾಯಿ ಬಿಟ್ಟು ಬರುತ್ತೇನೆ.